ಪ್ರಶ್ನೆ ನಿಲ್ಲುವ ಜಾಗ

ಹೊಳಲ್ಕೆರೆಯ ಆ ಮೇಷ್ಟರು ಮೂವತ್ತು ವರ್ಷ ಮಕ್ಕಳಿಗೆ ಹೇಳುತ್ತ ಬಂದ ಮಾತು ಒಂದೇ: "ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ." ನಿವೃತ್ತರಾದ ಮೇಲೆ ಆ ತಪ್ಪನ್ನು ಸ್ವತಃ ಅವರೇ ಮಾಡಿದರು, ಅದೂ ಅಂಗೈಯಗಲದ ಮೊಬೈಲಿನ ಮುಂದೆ.

ತೆಂಗಿನ ಸಸಿಗಳನ್ನು ಕಳುಹಿಸಿದ್ದ ಹೊಸದುರ್ಗದ ಸೋದರಳಿಯನಿಗೆ 500 ರೂಪಾಯಿ ಸಲ್ಲಬೇಕಾಗಿತ್ತು. ಬೆರಳು ಒಂದು ಸೊನ್ನೆಯನ್ನು ಹೆಚ್ಚಾಗಿ ಒತ್ತಿತು. ಇಂಥ ತಪ್ಪನ್ನು ತಡೆಯಲೆಂದೇ ತೆರೆಯ ನಡುವೆ ಒಂದು ಚೌಕ ಮೂಡುತ್ತದೆ. ತಂತ್ರಜ್ಞರು ಅದನ್ನು 'ಡಯಲಾಗ್' ಎನ್ನುತ್ತಾರೆ. ಕೆಲಸಕ್ಕೆ ಮುನ್ನ ಒಡೆಯನ ಅಪ್ಪಣೆ ಕೇಳುವ ಸೇವಕನೆನ್ನಬಹುದು. ಆದರೆ ಈ ಸೇವಕ ಬಂದು ನಿಂತದ್ದು ಸರಿಯಾಗಿ ಮೊತ್ತದ ಮೇಲೆ! ದೃಷ್ಟಿ ಮಂದವಾದ ಮೇಷ್ಟರು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರಿಂದ ಚೌಕದೊಳಗಿನ ಮಾತು ಹಿಗ್ಗಿ, 'ಬೇಡ' ಎಂಬ ಗುಂಡಿ ಅಂಚಿನಾಚೆ ಮರೆಯಾಗಿತ್ತು. ಕಂಡದ್ದು 'ಹೌದು' ಒಂದೇ. ಅದನ್ನೇ ಒತ್ತಿದರು. ಪತ್ನಿಯ ಕಣ್ಣಿನ ಚಿಕಿತ್ಸೆಗೆಂದು ಕೂಡಿಟ್ಟ ಹಣ ಹೊಸದುರ್ಗ ಸೇರಿತು.

ಹೆಚ್ಚಾಗಿ ಬಂದ 4,500 ರೂಪಾಯಿಯನ್ನು ಅಳಿಯ ಸಂಜೆಯೊಳಗೆ ಹಿಂದಿರುಗಿಸಿದನು. ಹಿಂದಿರುಗದೆ ಹೋದದ್ದು ಮೇಷ್ಟರ ಧೈರ್ಯ. "ಬುದ್ಧಿ ಮಂಕಾಯಿತು" ಎಂದು ಅವರು ಮೊಬೈಲನ್ನು ಪೆಟ್ಟಿಗೆಯೊಳಗಿಟ್ಟುಬಿಟ್ಟರು.

ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದು ಎಲ್ಲವನ್ನೂ ಕೇಳಿದಳು. "ತಪ್ಪು ನಿಮ್ಮದಲ್ಲ ತಾತ, ಚೌಕ ಕಟ್ಟಿದವರದು" ಎಂದಳು. ಮೇಷ್ಟರು ನಂಬಲಿಲ್ಲ. ಆಗ ಅವಳು ಕೋಟೆಯ ಓಬವ್ವನ ಕಿಂಡಿಯನ್ನು ನೆನಪಿಸಿದಳು. ಅದು ಒಬ್ಬೊಬ್ಬರೇ ನುಸುಳುವಷ್ಟು ಕಿರಿದಾಗಿದ್ದುದರಿಂದಲ್ಲವೆ ಒಂದು ಒನಕೆ ಸಾಕಾದದ್ದು? ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಅಣೆಕಟ್ಟನ್ನು ವೇದಾವತಿಗೆ ಅಡ್ಡಲಾಗಿ ಕಟ್ಟಿದ್ದೂ ಗುಡ್ಡಗಳು ಒಂದನ್ನೊಂದು ಸಮೀಪಿಸುವ ಮಾರಿಕಣಿವೆಯಲ್ಲಿಯೇ. ಎಷ್ಟು, ಎಲ್ಲಿ ಎಂಬುದನ್ನು ಅರಿಯುವುದೇ ಕಟ್ಟುವವರ ವಿವೇಕ.

ಮೊಬೈಲಿನ ಚೌಕಕ್ಕೂ ಇದೇ ನ್ಯಾಯ. ಗೂಗಲ್‌ನ ವಿನ್ಯಾಸ ಸೂತ್ರಗಳು ಅದರ ಅಗಲ 280ರಿಂದ 560 ಡಿಪಿಯೊಳಗೆ ಇರಲೆನ್ನುತ್ತವೆ. 160 ಡಿಪಿ ಎಂದರೆ ಸ್ಥೂಲವಾಗಿ ಒಂದು ಅಂಗುಲ. ಅಗಲಕ್ಕೆ ಮಿತಿಯಿರಲಿ, ಎತ್ತರವನ್ನು ಮಾತ್ರ ಬಿಗಿದುಬಿಡಬಾರದು. ಒತ್ತಕ್ಷರಗಳಿರುವ ಕನ್ನಡದ ಸಾಲಿಗೆ ಇಂಗ್ಲಿಷಿನ ಸಾಲಿಗಿಂತ ಹೆಚ್ಚು ಎತ್ತರ ಬೇಕು. ಅಕ್ಷರ ಬೆಳೆದಂತೆ ಚೌಕವೂ ಬೆಳೆಯಬೇಕು. ತೆರೆ ಸಾಲದಾದರೆ ಒಳಗಿನ ಮಾತು ಸರಿಯಬೇಕೇ ಹೊರತು ಗುಂಡಿಗಳು ಮರೆಯಾಗಬಾರದು. ಇನ್ನು ಜಾಗದ ಮಾತು: ಆಂಡ್ರಾಯ್ಡಿನಲ್ಲಿ ಚೌಕವನ್ನು ತೆರೆಯ ತಳಕ್ಕಿಳಿಸಲು ಒಂದು ಸಾಲಿನ ಆದೇಶ ಸಾಕು. ಮೇಲೆ ಮೊತ್ತ ಕಾಣುತ್ತದೆ, ಕೆಳಗೆ ಹೆಬ್ಬೆರಳಿಗೆ ಗುಂಡಿ ಎಟುಕುತ್ತದೆ. ಮೊತ್ತವನ್ನು ಪ್ರಶ್ನೆಯೊಳಗೇ ಮತ್ತೊಮ್ಮೆ ಹೇಳಿದರೆ ಇನ್ನೂ ಒಳ್ಳೆಯದು. ಯಾವುದಕ್ಕೆ ಒಪ್ಪಿಗೆ ಕೇಳುತ್ತೇವೆಯೋ ಅದನ್ನೇ ಮರೆಮಾಡಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಮೊಮ್ಮಗಳು ಎರಡು ದಿನ ಕುಳಿತು, ಅಭ್ಯಾಸಕ್ಕೆಂದು ಅಂಥದೊಂದು ಚಿಕ್ಕ ಆ್ಯಪನ್ನು ಸಿದ್ಧಪಡಿಸಿ ತಾತನ ಕೈಗಿತ್ತಳು. ಅದರಲ್ಲಿ 5,000 ಎಂದು ಅವಳೇ ಬರೆದಿಟ್ಟಿದ್ದಳು. ಚೌಕ ಮೆಲ್ಲನೆ ಕೆಳಗಿನಿಂದ ಮೂಡಿತು: "ಹೊಸದುರ್ಗಕ್ಕೆ 5,000 ರೂಪಾಯಿ ಕಳುಹಿಸಲೇ?" ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು, ತರಗತಿಯಲ್ಲಿ ಓದುವಂತೆ ಪ್ರಶ್ನೆಯನ್ನು ಗಟ್ಟಿಯಾಗಿ ಪೂರ್ತಿ ಓದಿದರು. ಅನಂತರ 'ಬೇಡ' ಎಂಬುದನ್ನು ಒತ್ತಿದರು.

ಮೊಮ್ಮಗಳು ನಕ್ಕಳು. ಮೇಷ್ಟರು ಎದ್ದು ಹೋಗಿ ಪೆಟ್ಟಿಗೆಯಿಂದ ತಮ್ಮ ಮೊಬೈಲನ್ನು ಹೊರತೆಗೆದರು.