ಸುಣ್ಣದ ಕಲ್ಲೂ ಹಸಿರು ಹೊಳೆಯೂ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯು ಕಡಲಿನತ್ತ ತಗ್ಗುತ್ತ ತಗ್ಗುತ್ತ ಪ್ರೊವಾನ್ಸಿನ ಒಣ ಪ್ರಸ್ಥಭೂಮಿಯಾಗಿ ಹರಡಿಕೊಳ್ಳುವೆಡೆಯಲ್ಲಿ, ವೆರ್ದೋನ್ ಎಂಬ ಅಷ್ಟೇನೂ ದೊಡ್ಡದಲ್ಲದ ನದಿಯೊಂದು ಸುಮಾರು 25 ಕಿಲೋಮೀಟರುಗಳ ದೂರ ನೆಲವನ್ನು ಸೀಳಿಕೊಂಡು ಹರಿದಿದೆ. ಆ ಸೀಳಿನ ಆಳ ಕೆಲವೆಡೆ 700 ಮೀಟರುಗಳನ್ನು ಮುಟ್ಟುತ್ತದೆ. ತಳದ ಅಗಲವಾದರೋ ತೀರ ಇಕ್ಕಟ್ಟಾದ ತಾಣಗಳಲ್ಲಿ ಹತ್ತು ಹೆಜ್ಜೆಯಷ್ಟೂ ಇಲ್ಲ. ಇಂತಹ ಕಂದರವನ್ನು ಅಂಚಿನಿಂದ ಕಾಣುವುದು ಬೇರೆ, ಒಡಲೊಳಗೆ ಇಳಿದು ಅರಿಯುವುದು ಬೇರೆ. ನಾನು ಅಂಚನ್ನು ಸೈಕಲ್ಲಿನ ಮೇಲೂ ಒಡಲನ್ನು ಕಾಲ್ನಡಿಗೆಯಲ್ಲಿಯೂ ನೋಡಿದವನು. ಆ ಎರಡು ನೋಟಗಳು ನನ್ನ ಮನಸ್ಸಿನಲ್ಲಿ ಇಂದಿಗೂ ಒಂದೇ ಚಿತ್ರವಾಗಿ ಕೂಡಿಕೊಂಡಿಲ್ಲ. ಕೂಡಿಕೊಳ್ಳಬೇಕೆಂಬ ಹಂಬಲವೂ ನನಗಿಲ್ಲ.

ಕಲಬುರ್ಗಿ ಸೀಮೆಯ ನನಗೆ ಸುಣ್ಣದ ಕಲ್ಲು ಅಪರಿಚಿತವಲ್ಲ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿನ ಬಂಡೆಯೂ ಇದೇ ಕುಲಕ್ಕೆ ಸೇರಿದುದು. ಆದರೆ ಅದು ಚಿಪ್ಪುಳ್ಳ ಜೀವಿಗಳು ಹುಟ್ಟುವುದಕ್ಕೂ ಮುಂಚಿನ ಕಡಲಿನ ಮಡ್ಡಿ, ತೆಳ್ಳಗೆ ಪದರಪದರವಾಗಿ ಬಿಡಿಸಿಕೊಳ್ಳುವಂಥದು. ವೆರ್ದೋನಿನ ಕಲ್ಲು ಅದಕ್ಕಿಂತ ಎಷ್ಟೋ ಎಳೆಯದು. ಜುರಾಸಿಕ್ ಯುಗದ ಬೆಚ್ಚನೆಯ ಕಡಲಿನಲ್ಲಿ ಹವಳಗಳೂ ಚಿಪ್ಪುಗಳೂ ಸತ್ತು ಕೂಡಿ, ಒತ್ತಡದಿಂದ ಗಟ್ಟಿಗೊಂಡು, ಆಲ್ಪ್ಸ್ ಏಳುವ ಕಾಲದಲ್ಲಿ ಮೇಲಕ್ಕೆತ್ತಲ್ಪಟ್ಟುದರಿಂದ ಈ ಬೃಹತ್ ಶಿಲಾರಾಶಿಯಾಯಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಕರಗುತ್ತದೆ, ಆದರೆ ಅದು ಕರಗಲು ಯುಗಗಳೇ ಬೇಕು. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದು ಕಾಣೆಯಾಗುವುದರಿಂದ ಮೇಲಿನ ಪ್ರಸ್ಥಭೂಮಿ ನೀರಿಲ್ಲದೆ ಬಾಯಾರಿರುತ್ತದೆ. ಇಳಿಜಾರುಗಳನ್ನು ಕೊರೆಯುವ ತೊರೆಗಳು ವಿರಳವಾದುದರಿಂದಲೇ ಗೋಡೆಗಳು ಸವೆದು ಓರೆಯಾಗದೆ ನೆಟ್ಟಗೆ ಉಳಿಯುತ್ತವೆ. ಅಷ್ಟೊಂದು ಬಾಯಾರಿದ ನೆಲದ ನಡುವೆ ಅಷ್ಟೊಂದು ಹಸಿರು ನೀರು ಹರಿಯುವುದನ್ನು ಮೊದಲ ಸಲ ಕಂಡವರಿಗೆ ಅದು ನಂಬಲಾಗದ ಸಂಗತಿಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಲಾ ಪಾಲ್ಯು ಎಂಬ ಹಳ್ಳಿಯಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುವ ಶಿಖರಮಾರ್ಗವೊಂದುಂಟು. 23 ಕಿಲೋಮೀಟರಿಗೆ ತುಸು ಹೆಚ್ಚಾದ ಬಳಸುದಾರಿ. ಅದರ ಒಂದು ಭಾಗದಲ್ಲಿ ವಾಹನಗಳು ಒಂದೇ ದಿಕ್ಕಿನಲ್ಲಿ ಸಾಗಬೇಕಾದುದರಿಂದ, ಹತ್ತತೊಡಗಿದವನು ಹಿಂದಿರುಗುವ ಯೋಚನೆಯನ್ನು ಬಿಟ್ಟು ಹತ್ತಿಯೇ ತೀರಬೇಕು. ಏರು ಕಡಿದು, ಉಸಿರಿಗೊಂದು ತುಳಿತದಂತೆ ಸಾಗುವಾಗ ಲ್ಯಾವೆಂಡರಿನ ಹೊಲಗಳು ಹಿಂದಾಗಿ, ಓಕ್ ಮರಗಳು ಕುಳ್ಳಾಗಿ, ಕೊನೆಗೆ ಒಂದು ತಿರುವಿನಲ್ಲಿ ರಸ್ತೆಯ ಒಂದು ಬದಿಯಲ್ಲಿ ನೆಲವೇ ಇಲ್ಲವಾಗುತ್ತದೆ. ಮೋಟಾರಿನಲ್ಲಿ ಬಂದವರು ನೋಟದ ಕಟ್ಟೆಗಳಲ್ಲಿ ಮಾತ್ರ ಇಳಿದು ನೋಡುತ್ತಾರೆ. ಸೈಕಲ್ಲಿನವನಿಗೆ ಎರಡು ಕಟ್ಟೆಗಳ ನಡುವಿನ ದಾರಿಯೂ ನೋಟವೇ. ಹಿಂದೊಮ್ಮೆ ಇಲ್ಲಿಂದ ಅಳಿದುಹೋಗಿದ್ದ ಗ್ರಿಫಾನ್ ರಣಹದ್ದುಗಳನ್ನು 1999ರಿಂದ ಮರಳಿ ತಂದು ಬಿಟ್ಟಿದ್ದಾರೆ. ಅವು ನಮಗಿಂತ ಕೆಳಗೆ, ಬಿಸಿಗಾಳಿಯ ಮೇಲೆ ರೆಕ್ಕೆಯನ್ನು ಅಲುಗಿಸದೆ ತೇಲುತ್ತವೆ. ಹದ್ದಿನ ಬೆನ್ನನ್ನು ನೋಡುವ ಭಾಗ್ಯ ಮನುಷ್ಯನಿಗೆ ಬೇರೆಲ್ಲಿ ಸುಲಭವಾಗಿ ದೊರೆತೀತು?

ಆದರೆ ಎತ್ತರದಿಂದ ನದಿಯ ಸದ್ದು ಕೇಳುವುದಿಲ್ಲ. ಅದು ಅಲ್ಲಿ ಹಸಿರು ಗೆರೆಯಷ್ಟೇ.

1905ರಲ್ಲಿ ಎದುವಾರ್ ಆಲ್ಫ್ರೆದ್ ಮಾರ್ತೆಲ್ ಈ ಕಂದರವನ್ನು ಆದ್ಯಂತವಾಗಿ ಶೋಧಿಸಿದನೆಂದು ಪುಸ್ತಕಗಳು ಹೇಳುತ್ತವೆ. ಗವಿಗಳ ಶಾಸ್ತ್ರಕ್ಕೆ ತಳಹದಿ ಹಾಕಿದ ಆ ಮಹನೀಯನು ವೃತ್ತಿಯಿಂದ ವಕೀಲ. ಈ ಯಾತ್ರೆಗೆ ಅವನು ಹೊರಟುದು ಸೌಂದರ್ಯವನ್ನು ಅರಸಿಕೊಂಡಲ್ಲ, ನೀರಿನ ಲೆಕ್ಕಕ್ಕಾಗಿ. ಅವನ ಜೊತೆಗಾರರಲ್ಲಿ ರೂಗೋನ್ ಗ್ರಾಮದ ಉಪಾಧ್ಯಾಯನಾದ ಇಸಿದೋರ್ ಬ್ಲಾಂ ಎಂಬಾತನೊಬ್ಬ. ಅವರ ಸಾಹಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಅವರಿಗಿಂತ ಮೊದಲೇ ಈ ಗೋಡೆಗಳಲ್ಲಿ ಹಗ್ಗ ಹಿಡಿದು ಇಳಿದವರಿದ್ದರೆಂಬುದನ್ನು ಮರೆಯಲಾಗದು. ಪಕ್ಕದ ಎಗೀನ್ ಹಳ್ಳಿಯಲ್ಲಿ ಮರದ ಚರಕಿ ಹಿಡಿಯುವ ಕುಶಲಿಗಳಿದ್ದರು. ಕಂದರದ ಬಂಡೆಗಳ ನಡುವೆ ಬೆಳೆಯುವ ಬಾಕ್ಸ್ ಗಿಡದ ಗಡುಸಾದ ಬೇರುಗಳನ್ನು ಕಡಿದು ತಂದು, ಮೊಳೆಗಳನ್ನು ಹೊಡೆದು, ಆಟದ ಚೆಂಡುಗಳನ್ನು ಮಾಡುತ್ತಿದ್ದರು. ಆ ಬೇರಿಗಾಗಿ ಪ್ರಾಣವನ್ನು ಪಣಕ್ಕಿಟ್ಟು ಇಳಿದವರ ಹೆಸರುಗಳು ಯಾವ ದಾರಿಗೂ ಇಡಲ್ಪಟ್ಟಿಲ್ಲ.

ನಡೆಯುವವನ ಹಾದಿಗೆ ಬ್ಲಾಂ ಮತ್ತು ಮಾರ್ತೆಲ್ ಇಬ್ಬರ ಹೆಸರೂ ಇದೆ. ಲಾ ಮಾಲೀನಿನಿಂದ ಪ್ವಾಂ ಸುಬ್ಲೀಮಿನವರೆಗೆ ಸುಮಾರು 15 ಕಿಲೋಮೀಟರುಗಳಷ್ಟಾಗುವ ಅದು ಇಡೀ ಹಗಲನ್ನು ಬೇಡುತ್ತದೆ. ಇಳಿಯುತ್ತಿದ್ದಂತೆ ಸೆಕೆ ಹೆಚ್ಚುತ್ತದೆ, ಆಕಾಶ ಕಿರಿದಾಗುತ್ತದೆ, ಬಾಕ್ಸ್ ಗಿಡಗಳ ಕಹಿಗಂಧ ಮೂಗಿಗಡರುತ್ತದೆ. ಮೊದಲು ಗುಂಯ್‌ಗುಟ್ಟಿದ ನದಿ ಬರಬರುತ್ತ ಮೊರೆಯತೊಡಗುತ್ತದೆ. ಬ್ರೆಶ್ ಆಂಬೆರ್ ಎಂಬಲ್ಲಿ ಬಂಡೆಗೆ ಬಿಗಿದ ಕಬ್ಬಿಣದ ಏಣಿಗಳಲ್ಲಿ 252 ಮೆಟ್ಟಿಲುಗಳನ್ನು ಇಳಿಯಬೇಕು. ಕೈ ತಾಗಿದ ಗೋಡೆಯಲ್ಲಿ ನೀರು ನೆಕ್ಕಿ ನುಣುಪಾಗಿಸಿದ ಗುಳಿಗಳು, ಇಂದಿನ ಹೊಳೆಯ ಮಟ್ಟಕ್ಕಿಂತ ಎಷ್ಟೋ ಮೇಲೆ. ನದಿ ಒಮ್ಮೆ ಅಲ್ಲಿ ಹರಿಯುತ್ತಿತ್ತೆಂಬುದನ್ನು ಶಿಖರಮಾರ್ಗದ ಯಾವ ಕಟ್ಟೆಯೂ ನನಗೆ ತಿಳಿಸಿರಲಿಲ್ಲ.

ದಾರಿಯ ಕೊನೆಯಲ್ಲಿ ಸುರಂಗಗಳಿವೆ. ಬಾವು ಎಂಬ ದೊಡ್ಡ ಸುರಂಗದ ಉದ್ದ 670 ಮೀಟರ್. ಒಳಗೆ ಕೆಸರು, ಕತ್ತಲೆ, ಕೈದೀಪವಿಲ್ಲದೆ ಕಾಲಿಡುವಂತಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆರ್ದೋನನ್ನು ಬೆಟ್ಟದೊಳಗಿಂದ ಸಾಗಿಸಿ ವಿದ್ಯುತ್ತನ್ನು ಪಡೆಯಬೇಕೆಂದು ಅವನ್ನು ಕೊರೆಯತೊಡಗಿ, ನಡುವೆಯೇ ಕೈಬಿಟ್ಟರು. ಆ ಯೋಜನೆ ಕೈಗೂಡದೆ ಹೋದುದಕ್ಕಾಗಿ ನಾನು ಕೃತಜ್ಞ: ಕೈಗೂಡಿದ್ದರೆ ಹೊಳೆ ಬಂಡೆಯೊಳಗೆ ಅಡಗಿ, ಕಂದರದಲ್ಲಿ ಒಣಕಲ್ಲುಗಳಷ್ಟೇ ಉಳಿಯುತ್ತಿದ್ದವು. ಹಾಗೆಂದು ನದಿ ಸ್ವತಂತ್ರವೂ ಅಲ್ಲ. ಮೇಲ್ಗಡೆ ಕಾಸ್ತಿಯೋನ್, ಶೊದಾನ್ ಅಣೆಕಟ್ಟುಗಳು ಅದನ್ನು ಹಿಡಿದಿಟ್ಟಿವೆ. ಅಲ್ಲಿಂದ ಬಿಟ್ಟ ನೀರು ನಿರ್ಮಲಾಕಾಶದ ದಿನವೂ ಹಠಾತ್ತನೆ ಏರಬಹುದಾದುದರಿಂದ ಹೊಳೆಯನ್ನು ದಾಟಬಾರದೆಂಬ ಎಚ್ಚರಿಕೆಯ ಫಲಕಗಳಿವೆ. ಕಂದರದ ಬಾಯಿಯಾಚೆ 1970ರ ದಶಕದಲ್ಲಿ ತುಂಬಿದ ಸೇಂತ್ ಕ್ರ್ವಾ ಜಲಾಶಯದಲ್ಲಿ ಲೇ ಸಾಲ್ ಎಂಬ ಹಳ್ಳಿ ಮುಳುಗಿತು. ಹೊಸ ಹಳ್ಳಿ ದಂಡೆಯ ಮೇಲಿದೆ. ನೀಲಿನೀರಿನಲ್ಲಿ ದೋಣಿಯಾಡುವವರಿಗೆ ಅದನ್ನು ಯಾರಾದರೂ ಹೇಳಬೇಕು ಎಂದು ನನಗನ್ನಿಸುತ್ತದೆ.

ಹೋಗುವವರು ಕೇಳಿದರೆ, ಮೊದಲು ನಡೆಯಿರಿ, ಮರುದಿನ ಸೈಕಲ್ ಹತ್ತಿರಿ ಎನ್ನುತ್ತೇನೆ. ಲಾ ಮಾಲೀನಿನಿಂದಲೇ ಹೊರಡಿ. ಬಿಸಿಲೇರಿದ ಮಧ್ಯಾಹ್ನಕ್ಕೆ ಸುರಂಗಗಳ ತಂಪು ಸಿಕ್ಕೀತು. ಅಲ್ಲದೆ ಕೆಳಗೆ ಒಂದು ಹಗಲು ಕಳೆದವನಿಗೆ ಮೇಲಿನಿಂದ ಕಾಣುವ ಹಸಿರು ಗೆರೆಯಲ್ಲಿ ತಾನು ಕುಳಿತು ಬುತ್ತಿ ಬಿಚ್ಚಿದ ಬಂಡೆ ಯಾವುದು, ಏಣಿ ಇಳಿದ ಗೋಡೆ ಯಾವುದು ಎಂದು ಹುಡುಕುವ ಕೆಲಸವಿರುತ್ತದೆ. ಏರಿನ ದಣಿವು ಅದರಲ್ಲಿ ಮರೆತುಹೋಗುತ್ತದೆ.