ಅಡ್ಡ ಹಿಡಿದ ಚೀಲ

ಕೊಟ್ಟದ್ದನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಯಾರಿಗಿಲ್ಲ ಹೇಳಿ? ನನಗೂ ಇತ್ತು.

2020ರ ಏಪ್ರಿಲ್. ಲಾಕ್‌ಡೌನಿನಿಂದ ಶಾಲೆಗಳಿಗೆ ಬೀಗ ಬಿದ್ದು ಮಕ್ಕಳ ಬಿಸಿಯೂಟವೂ ನಿಂತಿತ್ತು. ಶಿವಮೊಗ್ಗದ ನಮ್ಮ ಬಡಾವಣೆಯ ಏಳೆಂಟು ಹೆಂಗಸರು ಸೇರಿ ಅಕ್ಕಿ, ತೊಗರಿಬೇಳೆ, ಎಣ್ಣೆ, ಸೋಪು ಕಟ್ಟಿ ಹಂಚಲು ಹೊರಟೆವು. ಫೋಟೋ ತೆಗೆಯುವ ಕೆಲಸ ನನ್ನದು. ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕಲ್ಲ!

ಸಾಲಿನಲ್ಲಿದ್ದ ಹುಡುಗಿಯೊಬ್ಬಳು, ಮಾಸ್ಕ್ ಸಾಲದೆಂಬಂತೆ, ಚೀಲವನ್ನೂ ಮುಖಕ್ಕೆ ಅಡ್ಡ ಹಿಡಿದಳು.

“ಸ್ವಲ್ಪ ಕೆಳಗಿಳಿಸಮ್ಮ” ಎಂದೆ. ಇಳಿಸಿದಳು. ಆ ಕಣ್ಣು ಕಂಡು ನನ್ನೆದೆ ಧಸಕ್ಕೆಂದಿತು. ನನಗೆ ರವಿಕೆ ಹೊಲಿದುಕೊಡುವಾಕೆಯ ಮಗಳು! ಹೊಲಿದದ್ದನ್ನು ಮನೆಗೆ ತಂದು, ಹಣ ಎಣಿಸಿಕೊಂಡು ಹೋಗುತ್ತಿದ್ದವಳು. ಮದುವೆಗಳೇ ನಿಂತ ಮೇಲೆ ಹೊಲಿಗೆ ಎಲ್ಲಿಂದ ಬರಬೇಕು?

ತೆಗೆದ ಫೋಟೋಗಳನ್ನೆಲ್ಲ ಅಳಿಸಿದೆ. ಮರುದಿನದಿಂದ ಸಾಲು ನಿಲ್ಲಿಸದೆ ಚೀಲಗಳನ್ನು ಮನೆಬಾಗಿಲಿಗೇ ಮುಟ್ಟಿಸಿದೆವು. ಲೆಕ್ಕಕ್ಕೆ ಅಂಗಡಿಯ ರಸೀದಿಯೇ ಸಾಕಾಯಿತು. ಅವಳ ಅಮ್ಮನಿಗೆ ಬಟ್ಟೆ ಕೊಟ್ಟು, ಹಂಚಲು ಮಾಸ್ಕ್ ಹೊಲಿಸಿದೆವು. ಕೂಲಿ ಪಡೆಯಲು ಹುಡುಗಿಯೇ ಬಂದಳು. ಮೊದಲಿನ ಹಾಗೆಯೇ ತಲೆಯೆತ್ತಿ ನಿಂತು ಎಣಿಸಿಕೊಂಡಳು.

ಈಗಲೂ ರವಿಕೆ ತರುತ್ತಾಳೆ. ಆ ದಿನದ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.