ಎಂಟನೆಯ ಒಂದು ಪಾಲು ಸೊನ್ನೆಯಾದಾಗ

ನಾವಿಬ್ಬರೂ, ಪತಿ ಪತ್ನಿಯರು, ಸಾಫ್ಟ್‌ವೇರ್ ಬರೆದು ಬದುಕುವವರು. ಕುಮಾರಸ್ವಾಮಿ ಲೇಔಟಿನಲ್ಲಿ, ದಯಾನಂದ ಸಾಗರ್ ಕಾಲೇಜಿನ ವಿದ್ಯಾರ್ಥಿಗಳು ಚೀಲ ಹೊತ್ತು ಏರು ಹತ್ತುವ ಬೀದಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದು ಬಂದಿತೆಂದರೆ ನಮಗೆ ಹಬ್ಬ. ರಸ್ಟ್ ಕಲಿಯುವ ಹುಮ್ಮಸ್ಸಿನಲ್ಲಿ ರಮಝಾನಿನ ಒಂದು ರಾತ್ರಿ ಸಹರಿಯ ಹೊತ್ತನ್ನೇ ಮೀರಿಸಿಕೊಂಡದ್ದುಂಟು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ನಮ್ಮ ಕಸುಬಿನ ಹೆಸರೇ ನಮ್ಮವರೊಬ್ಬರಿಂದ ಬಂದದ್ದು ಎಂಬ ಅಭಿಮಾನವೂ ಇತ್ತು. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ, ಖಲೀಫಾ ಮಅ್‌ಮೂನರ ಕಾಲದಲ್ಲಿ ಬಾಳಿದ ಮುಹಮ್ಮದ್ ಇಬ್ನು ಮೂಸಾ ಅಲ್‌ಖ್ವಾರಿಝ್ಮಿಯವರ ಹೆಸರು ಲ್ಯಾಟಿನ್ ಬಾಯಲ್ಲಿ ಹೊರಳಿ ಆಲ್ಗಾರಿದಮ್ ಆಯಿತು. ಅವರ ಅಲ್‌ಜಬ್ರ್ ಗ್ರಂಥದ ಪದವೇ ಆಲ್ಜೀಬ್ರಾ. ಆದರೆ ಆ ಗ್ರಂಥದ ಬಹು ದೊಡ್ಡ ಭಾಗ ವಸಿಯ್ಯತ್ ಮತ್ತು ವಾರಸುಗಳ ಲೆಕ್ಕಕ್ಕೆ ಮೀಸಲಾಗಿದೆ ಎಂಬುದು ನಮಗೆ ತಡವಾಗಿ ತಿಳಿಯಿತು. ತಿಳಿದ ದಿನವೇ, ಫರಾಇಝಿನ ಪಾಲುಗಳನ್ನು ಕನ್ನಡದಲ್ಲಿ ಲೆಕ್ಕ ಹಾಕಿಕೊಡುವ ಒಂದು ಆ್ಯಪ್ ಬರೆಯೋಣವೆಂದು ಕುಳಿತೆವು. ಅನ್ನಿಸಾ ಅಧ್ಯಾಯದ 11, 12 ಮತ್ತು 176ನೆಯ ಸೂಕ್ತಗಳು. ಅರ್ಧ, ಕಾಲು, ಎಂಟನೆಯ ಒಂದು. ಮೂರನೆಯ ಎರಡು, ಮೂರನೆಯ ಒಂದು, ಆರನೆಯ ಒಂದು. ಆರೇ ಅಂಶಗಳು. ಎರಡು ವಾರಾಂತ್ಯಗಳ ಕೆಲಸವೆಂದುಕೊಂಡೆವು.

ಇಲ್ಲಿ ಯಂತ್ರದ ಒಂದು ಗುಣವನ್ನು ಹೇಳಬೇಕು. ಕಂಪ್ಯೂಟರ್ ಎರಡರ ಭಾಷೆಯಲ್ಲಿ ಎಣಿಸುತ್ತದೆ. ಅರ್ಧ, ಕಾಲು, ಎಂಟನೆಯ ಒಂದು ಅದಕ್ಕೆ ನಿಖರವಾಗಿ ಗೊತ್ತು. ಮೂರನೆಯ ಒಂದು, ಆರನೆಯ ಒಂದು ಗೊತ್ತಿಲ್ಲ. ಅವುಗಳ ಸಮೀಪದ ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. 0.1 ಮತ್ತು 0.2 ಕೂಡಿಸಿದರೆ 0.30000000000000004 ಎನ್ನುವುದು ನಮ್ಮವರಲ್ಲಿ ಹಳೆಯ ನಗೆಚಾಟಿಕೆ. ಹೀಗಾಗಿ ಪಾಲುಗಳನ್ನು ಕೂಡಿಸಿದಾಗ ಪೈಸೆಗಳು ಹೊಂದುತ್ತಿರಲಿಲ್ಲ. ನಾವು ಒಂದು ಜಾಣತನ ಮಾಡಿದೆವು: ಒಬ್ಬೊಬ್ಬರಿಗೂ ಅವರ ಅಂಶ, ಇಲ್ಲವೇ ಅಲ್ಲಿಯವರೆಗೆ ಉಳಿದಿರುವ ಹಣ, ಇವೆರಡರಲ್ಲಿ ಕಡಿಮೆಯಾದುದು. ಪಟ್ಟಿಯಲ್ಲಿ ಮೊದಲು ಹೆಣ್ಣುಮಕ್ಕಳು, ಆಮೇಲೆ ತಂದೆ, ತಾಯಿ, ಕೊನೆಗೆ ಹೆಂಡತಿ. ಆ ಕ್ರಮಕ್ಕೆ ಯಾವ ಅರ್ಥವೂ ಇರಲಿಲ್ಲ, ಕೈಗೆ ಬಂದಂತೆ ಬರೆದದ್ದು. ಪರೀಕ್ಷಿಸಿದ ಹತ್ತು ಉದಾಹರಣೆಗಳಲ್ಲಿ ಎಲ್ಲವೂ ಸರಿಯಾಗಿಯೇ ಬಂತು.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಆಪಾ ಇದ್ದರು. ಪತಿ ತೀರಿಕೊಂಡು ಇದ್ದತ್ ಮುಗಿದಿತ್ತು. ಇಬ್ಬರು ಹೆಣ್ಣುಮಕ್ಕಳು, ಅತ್ತೆ ಮಾವ ಇಬ್ಬರೂ ಬದುಕಿದ್ದಾರೆ. ಆಪಾ ಅವರ ಅಣ್ಣ ವಿವರಗಳನ್ನು ಕೊಟ್ಟರು, ನಾವು ಉತ್ಸಾಹದಿಂದ ತುಂಬಿಸಿ ಫೋನನ್ನು ಆಪಾ ಅವರ ಕೈಗೇ ಕೊಟ್ಟೆವು. ಹೆಣ್ಣುಮಕ್ಕಳಿಗೆ ಇಷ್ಟು, ಮಾವನಿಗೆ ಇಷ್ಟು, ಅತ್ತೆಗೆ ಇಷ್ಟು. ಹೆಂಡತಿ: 0.00.

ಅವರು ಬಹಳ ಹೊತ್ತು ನೋಡಿದರು. "ಮಕ್ಕಳಿಗೆ ಬಂತಲ್ಲ, ಅಲ್‌ಹಮ್ದುಲಿಲ್ಲಾಹ್. ಅಲ್ಲಾಹನ ಹುಕುಂ ಇದ್ದಂತೆ ಆಗಲಿ" ಎಂದು ಫೋನ್ ಹಿಂದಿರುಗಿಸಿದರು.

ಈಗ ನೆನೆದರೂ ಮೈ ನಡುಗುವುದು ಆ ಮಾತಿಗೆ. ನಮ್ಮ ಕೋಡಿನ ಒಂದು ಸಾಲನ್ನು ಅವರು ಅಲ್ಲಾಹನ ಹುಕುಂ ಎಂದು ತಿಳಿದರು. ನಾವೂ ಹಾಗೆಯೇ ತಿಳಿದು ಮನೆಗೆ ಬಂದೆವು.

ಮರುದಿನ ಮಸೀದಿಯ ಹಜರತರಿಗೆ ಆ್ಯಪ್ ತೋರಿಸಿದೆವು, ಹೊಗಳಿಕೆಯ ಆಸೆಯಿಂದಲೇ. ಅವರು ಕೇಳಿದ ಮೊದಲ ಪ್ರಶ್ನೆ, "ಸಾಲವನ್ನು ಎಲ್ಲಿ ಕೇಳಿದ್ದೀರಿ ಬೇಟಾ?" ಎಂದು. ಕೇಳಿರಲಿಲ್ಲ. ಸಾಲವೂ ವಸಿಯ್ಯತ್ತೂ ಕಳೆದ ಮೇಲೆಯೇ ಪಾಲು ಎಂದು ಸೂಕ್ತಗಳು ಮತ್ತೆ ಮತ್ತೆ ಹೇಳಿದ್ದನ್ನು ನಾವು ಓದಿದ್ದೆವು, ಅಂಶಗಳ ಆತುರದಲ್ಲಿ ದಾಟಿಹೋಗಿದ್ದೆವು. ಕೊಡದೆ ಉಳಿದ ಮಹರ್ ಕೂಡ ಗಂಡನ ಮೇಲಿನ ಸಾಲವೇ. ಆಮೇಲೆ ಅವರ ಕಣ್ಣು ಸೊನ್ನೆಯ ಮೇಲೆ ಬಿತ್ತು. "ಬೇರೆ ಯಾವ ವಾರಸುದಾರರಿದ್ದರೂ ಹೆಂಡತಿ ಹೊರಗುಳಿಯುವುದಿಲ್ಲ. ಇದು ಮಿಂಬರಿನ ಮಸ್‌ಅಲಾ ಅಲ್ಲವೇ?"

ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ. ಇದೇ ಕುಟುಂಬದ ಲೆಕ್ಕವನ್ನು ಹಝ್ರತ್ ಅಲಿ(ರ) ಅವರಿಗೆ ಮಿಂಬರಿನ ಮೇಲಿದ್ದಾಗ ಕೇಳಲಾಯಿತೆಂದೂ, ಅವರು ಪ್ರವಚನದ ನಡುವೆಯೇ ಆಕೆಯ ಎಂಟನೆಯ ಒಂದು ಒಂಬತ್ತನೆಯ ಒಂದಾಯಿತು ಎಂದು ಉತ್ತರಿಸಿದರೆಂದೂ ಪ್ರಸಿದ್ಧವಾಗಿದೆ. ಇಪ್ಪತ್ತನಾಲ್ಕರಲ್ಲಿ ಹೆಣ್ಣುಮಕ್ಕಳಿಗೆ 16, ತಂದೆಗೆ 4, ತಾಯಿಗೆ 4, ಹೆಂಡತಿಗೆ 3, ಕೂಡಿಸಿದರೆ 27. ಮೊದಲ ಮೂವರಿಗೇ 24 ಮುಗಿದುಹೋಗುತ್ತದೆ. ಆದ್ದರಿಂದಲೇ ನಮ್ಮ ಪಟ್ಟಿಯ ಕೊನೆಯಲ್ಲಿ ನಿಂತ ಹೆಂಗಸಿಗೆ ಉಳಿದದ್ದು ಸೊನ್ನೆ. ಶಾಸ್ತ್ರದ ದಾರಿ ಬೇರೆ: ಒಟ್ಟನ್ನೇ 27 ಭಾಗ ಮಾಡಿ, ಕೊರತೆಯನ್ನು ಎಲ್ಲರೂ ತಮ್ಮ ತಮ್ಮ ಪ್ರಮಾಣದಲ್ಲಿ ಹೊರುವುದು. ಇದಕ್ಕೆ ಔಲ್ ಎಂದು ಹೆಸರು. ಖಲೀಫಾ ಉಮರ್(ರ) ಅವರ ಕಾಲದಲ್ಲಿ ಸಹಾಬಿಗಳೊಡನೆ ಸಮಾಲೋಚಿಸಿ ಹೀಗೆ ತೀರ್ಮಾನಿಸಲಾಯಿತು. ನಾಲ್ಕೂ ಮದ್‌ಹಬ್‌ಗಳು ಇದನ್ನೇ ಅನುಸರಿಸುತ್ತವೆ. ಇಬ್ನು ಅಬ್ಬಾಸ್(ರ) ಒಪ್ಪಲಿಲ್ಲ, ನಿಜ. ಆದರೆ ಅವರ ಅಭಿಪ್ರಾಯದಲ್ಲೂ ಹೆಂಡತಿಯ ಪಾಲು ಕುಗ್ಗುವುದಿಲ್ಲ. ಆಕೆಯನ್ನು ಸೊನ್ನೆಗಿಳಿಸಿದವರು ನಾವು ಮಾತ್ರ.

ಆ ರಾತ್ರಿ ದಶಮಾಂಶಗಳನ್ನೆಲ್ಲ ಕಿತ್ತು ಹಾಕಿದೆವು. ಪೈಥಾನ್ ಭಾಷೆಯಲ್ಲಿ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುವ ಫ್ರ್ಯಾಕ್ಷನ್ ಎಂಬ ಹಳೆಯ ಸೌಲಭ್ಯವೊಂದಿದೆ. ಹೊಸತರ ಬೆನ್ನು ಹತ್ತಿದ ನಾವು ಅದನ್ನು ಬಳಸಿಯೇ ಇರಲಿಲ್ಲ. ಮೊದಲ ಪರದೆಯಲ್ಲಿ ಸಾಲ, ಮಹರ್, ವಸಿಯ್ಯತ್. ಮೊದಲ ಪರೀಕ್ಷೆಗೆ ಮಿಂಬರ್ ಎಂದೇ ಹೆಸರಿಟ್ಟೆವು. ಕೋಡಿನಲ್ಲಿ ಏನನ್ನು ಬದಲಿಸಿದರೂ ಅದು ತಾನಾಗಿ ಓಡಿ, 27ರಲ್ಲಿ 3 ಬಾರದಿದ್ದರೆ ಮುಂದಿನ ಕೆಲಸವನ್ನೇ ತಡೆಯುತ್ತದೆ. ಬೇರೆ ಮಸ್‌ಅಲಾಗಳನ್ನು ಹಜರತರು ಹೇಳಿದಂತೆ ಒಂದೊಂದಾಗಿ ಸೇರಿಸಿದೆವು.

ಅಸರ್ ನಮಾಝಿನ ಬಳಿಕ ಆಪಾ ಅವರ ಮನೆಗೆ ಹೋದೆವು. ಲೆಕ್ಕ ಸುಲಭವಾಗಲೆಂದು ಆಸ್ತಿ 27 ಲಕ್ಷ ಎಂದಿಟ್ಟುಕೊಂಡು ಕಾಗದದಲ್ಲಿ ಬರೆದು ತೋರಿಸಿದೆವು: ಮಕ್ಕಳಿಗೆ ಎಂಟೆಂಟು, ಅತ್ತೆ ಮಾವನಿಗೆ ನಾಲ್ಕು ನಾಲ್ಕು, ನಿಮಗೆ ಮೂರು. ಮಹರ್ ಬಾಕಿ ಇದ್ದರೆ ಅದು ಇದಕ್ಕೂ ಮೊದಲು.

"ಯಂತ್ರ ತಪ್ಪು ಮಾಡಿತೇ?" ಎಂದರು.

"ಇಲ್ಲ ಆಪಾ, ನಾವು ಮಾಡಿದೆವು. ಮಾಫ್ ಮಾಡಿ."

ಅವರು ಚಹಾ ತರಲು ಎದ್ದರು. ಪಿಯುಸಿ ಓದುವ ಹಿರಿಯ ಮಗಳು ಕಾಗದವನ್ನು ಎಳೆದುಕೊಂಡು, "ದಾದಾ ಇಲ್ಲದಿದ್ದರೆ ಆಗ 23 ಆಗುತ್ತದೆ. ಉಳಿದ ಒಂದು ಯಾರಿಗೆ?" ಎಂದಳು.

ಅದಕ್ಕೆ ನಾವು ಇನ್ನೂ ಪರೀಕ್ಷೆ ಬರೆದಿರಲಿಲ್ಲ. ಅವಳ ಪ್ರಶ್ನೆಯನ್ನು ಅದೇ ಕಾಗದದ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆವು.